ಮುನಿರಾಜು ನಿಂತ ಕೋಣೆ

೧೮ ಜೂನ್ ೨೦೦೬, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಶ್ರೀಕಂಠ ಸರ್ ಪಾಠ ಶುರುವಾಗುತ್ತಿದ್ದುದು ಇದೇ ಹೊತ್ತಿಗೆ. ಬರೆಯಲು ಕೂತದ್ದೂ ಈಗಲೇ.

ಮಾನಿಟರ್ ಆಫ್ ಮಾಡಿಸಿ ಪಾಠ ಮಾಡಿದ ಆನ್‌ಲೈನ್ ಮೇಷ್ಟ್ರು ಅವರೊಬ್ಬರೇ ಇರಬೇಕು. ಅದು ಒಂದು ಖಾಸಗಿ ಸಂಸ್ಥೆ ನಡೆಸುತ್ತಿದ್ದ ಕಾರ್ಖಾನೆ ಸುರಕ್ಷತೆಯ ಸ್ನಾತಕೋತ್ತರ ಡಿಪ್ಲೊಮಾ. ಅವರು ಹಲಸೂರಿನ ಮನೆಯಲ್ಲಿ ಕೂತು ಟೈಪ್ ಮಾಡುತ್ತಿದ್ದರು. ನಾನು ಮತ್ತು ಸಹಪಾಠಿ ಗಿರಿಜಾ ಕೆ.ಆರ್. ಪುರದ ಬ್ರೌಸಿಂಗ್ ಸೆಂಟರಿನಲ್ಲಿ ಅಕ್ಕಪಕ್ಕ ಕೂತು ಓದುತ್ತಿದ್ದೆವು. ಆ ಕಂಪ್ಯೂಟರುಗಳಲ್ಲಿ ಕನ್ನಡ ಲಿಪಿ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ, ಅದೂ ಸರ್ ಬರೆಯುತ್ತಿದ್ದುದು ಒಂದೇ ಬೆರಳಿನಲ್ಲಿ.

ಪುಸ್ತಕವನ್ನು ಅವರು ಮುಟ್ಟಲೇ ಇಲ್ಲ. ಮುನಿರಾಜು ಎಂಬ ಪೇಂಟರ್ ಒಬ್ಬನನ್ನು ಕಲ್ಪಿಸಿಕೊಟ್ಟರು. ಅವನ ಶೆಡ್ಡಿಗೆ ಬೆಂಕಿ ಬಿದ್ದಿದೆ, ನಾವೇ ಮುನಿರಾಜು. ವಾರಕ್ಕೊಂದು ಕೋಣೆ. ಗಾಳಿ ಎತ್ತ ಕಡೆಗಿದೆ, ಯಾವ ಡಬ್ಬಿ ಮುಟ್ಟಬಾರದು ಎಂದು ಕೇಳುವರು. ಉತ್ತರ ತಪ್ಪಿದರೆ ‘ಮುನಿರಾಜು ಕೆಮ್ಮಿದ’ ಎಂದು ಬರುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಬರುತ್ತಿರಲಿಲ್ಲ. ಆ ಒಂದು ಬೆರಳಿನ ನಿಧಾನಕ್ಕೆ ನಮಗೇ ಉಸಿರು ಕಟ್ಟುತ್ತಿತ್ತು. ಉತ್ತರ ಸರಿಯಿದ್ದರೆ ‘ಮುಂದಿನ ಕೋಣೆ’.

ಮೂರನೆಯ ವಾರ ‘ಹೊಗೆ. ಮಾನಿಟರ್ ಆಫ್ ಮಾಡಿ’ ಎಂದು ಬರೆದರು. ಗಿರಿಜಾ ಫೋನ್ ಮಾಡಿಯೇ ಬಿಟ್ಟಳು.

“ಸರ್, ಆಫ್ ಮಾಡಿದ್ರೆ ಮುಂದಿನ ಪ್ರಶ್ನೆ ಹೆಂಗ್ ಓದೋದು?”

“ಬೆಂಕೀಲಿ ಪ್ರಶ್ನೆಪತ್ರಿಕೆ ಯಾರಮ್ಮ ಕೊಡ್ತಾರೆ? ಬಾಗಿಲು ಎಲ್ಲಿತ್ತು, ನೆನಪಿದ್ಯಾ?”

ಇಬ್ಬರಿಗೂ ನೆನಪಿರಲಿಲ್ಲ. ಸೆಂಟರಿನವನು ಬಂದು, “ಏನ್ ಗುರು, ಕರೆಂಟ್ ಹೋಯ್ತಾ?” ಅಂದ.

ಮರುದಿನ ಗರುಡಾಚಾರ್‌ಪಾಳ್ಯದ ನಾನು ಕೆಲಸ ಮಾಡುವ ಪೇಂಟ್ ಶೆಡ್ಡಿನಲ್ಲಿ ಮೊದಲು ಬಾಗಿಲು ಹುಡುಕಿದೆ. ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಸೂಪರ್‌ವೈಸರ್‌ಗೆ ಹೇಳಿದೆ.

“ತೆಗೆದಿಟ್ರೆ ಡಬ್ಬಿ ಕದೀತಾರೆ ಮಗಾ. ನೀನ್ ಮೊದ್ಲು ಸರ್ಟಿಫಿಕೇಟ್ ತಗೊಂಡ್ ಬಾ, ಆಮೇಲೆ ಬೀಗದ್ ಮಾತು.”

ಅಂದಿನಿಂದ ಆ ಡಿಪ್ಲೊಮಾ ನನಗೆ ಬೇಕಾಗಿದ್ದುದು ಆ ಬೀಗಕ್ಕಾಗಿ.

ಸರ್ ಅವರನ್ನು ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ, ಏಪ್ರಿಲ್ ೧೫ರಂದು, ಹಲಸೂರಿನ ಒಂದು ದರ್ಶಿನಿಯಲ್ಲಿ. ಸಣ್ಣ ಮೈಕಟ್ಟಿನವರು. ಹೊರಹೋಗುವ ದಾರಿ ನೋಡಿಕೊಂಡೇ ಕಾಫಿ ತೆಗೆದುಕೊಂಡರು.

“ಸಂಸ್ಥೆಯವ್ರು ಸ್ಲೈಡ್ ಹಾಕಿ ಸಾಕು ಅಂತಾರೆ. ಕಥೆ ಹೇಳೋದು ಪಾಠ ಅಲ್ವಂತೆ.”

“ಮುನಿರಾಜು ಹೊರಗೆ ಬರ್ತಾನಾ ಸರ್?”

“ನನ್ನೇನ್ ಕೇಳ್ತೀರಿ? ಒಳಗಿರೋರು ನೀವು.”

ನಮ್ಮ ಶೆಡ್ಡಿನ ಬೀಗದ ವಿಷಯ ಹೇಳಿದೆ. ಲೋಟ ಕೆಳಗಿಟ್ಟರು. “ಅದೇ ಬಾಗಿಲು ಕಥೇಲೂ ಇದೆ ಕಣ್ರೀ. ಎಲ್ಲಾ ಬ್ಯಾಚೂ ಅಲ್ಲೇ ಸಿಕ್ಕಿಹಾಕ್ಕೊಳ್ಳೋದು. ನಾಳೆ ಅಲ್ಲಿಗೇ ಹೋಗ್ತೀವಿ, ಬನ್ನಿ.”

ಮರುದಿನ ಮುನಿರಾಜು ಸಾಮಾನಿನ ಕೋಣೆಗೆ ಬಂದ. ಬಾಗಿಲಿಗೆ ಹೊರಗಿನಿಂದ ಬೀಗ. ಒದೆಯುತ್ತೇವೆ ಎಂದೆವು. ಕೆಮ್ಮಿದ. ಕೂಗುತ್ತೇವೆ ಎಂದೆವು. ಕೆಮ್ಮಿದ. ಅಷ್ಟು ದಿನಗಳ ಕೆಮ್ಮುಗಳನ್ನು ಡೈರಿಯಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ಇಪ್ಪತ್ತೊಂದನೆಯದು ಅದು. ಬಹಳ ಹೊತ್ತಾದ ಮೇಲೆ ಎರಡು ಪದ ಬಂದವು: ‘ide kone’. ಪಾಠ ಮುಗಿಯಿತು.

ಇದೇ ಕೋಣೆ. ಮುಂದಿನ ವಾರವೂ ಇಲ್ಲೇ ಎಂದು ನಾನು ಓದಿಕೊಂಡೆ. ಬಾಗಿಲು ತೆರೆಸುವ ಬಗೆಯನ್ನು ಆಗ ಹೇಳುತ್ತಾರೆ ಎಂದು ಖುಷಿಯೇ ಆಯಿತು. ಎರಡು ಭಾನುವಾರ ಖಾಲಿ ಪರದೆಯ ಮುಂದೆ ಕಾದೆವು. ಮೂರನೆಯ ಭಾನುವಾರ ಗಿರಿಜಾ ಆ ಹಳೆಯ ಸಾಲನ್ನೇ ನೋಡುತ್ತ ಕೂತಿದ್ದವಳು ಮೆಲ್ಲಗೆ ಅಂದಳು:

“ಅದು ಕೋಣೆ ಅಲ್ಲ ಕಣೋ. ಕೊನೆ. ಇದೇ ಕೊನೆ.”

ಆ ಅಕ್ಷರಗಳಲ್ಲಿ ಎರಡೂ ಒಂದೇ.

ಸಂಸ್ಥೆ ಈಗ ಬಾಗಿಲು ಹಾಕಿದೆ. ಪರೀಕ್ಷೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಹಲಸೂರಿನ ಮನೆಯಲ್ಲಿ ಬೇರೆಯವರಿದ್ದಾರೆ. “ಖಾಲಿ ಮಾಡ್ಕೊಂಡ್ ಹೋದ್ರು, ಎಲ್ಲಿಗೆ ಅಂತ ಹೇಳ್ಲಿಲ್ಲ” ಎನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ಜಾಗ ಸಾಲದೆ, ಕಿಡಿ ತಗುಲಿದರೆ ಹೊತ್ತಿಕೊಳ್ಳುವ ತಿನ್ನರ್ ಡಬ್ಬಿಗಳನ್ನು ಈಗ ಆ ಹಿಂಬಾಗಿಲಿಗೇ ಒತ್ತಿ ಜೋಡಿಸಿದ್ದಾರೆ. ನಾಳೆ ಬೆಳಿಗ್ಗೆ ಅಲ್ಲಿಗೇ ಹೋಗಬೇಕು.

ನಮಗಿಂತ ಮೊದಲು ಶ್ರೀಕಂಠ ಸರ್ ಹತ್ತಿರ ಓದಿದವರು ಯಾರಾದರೂ ಇದನ್ನು ನೋಡಿದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಸರ್ ಎಲ್ಲಿದ್ದಾರೆಂದು ತಿಳಿಯದಿದ್ದರೂ ಪರವಾಗಿಲ್ಲ. ನಿಮ್ಮ ಮುನಿರಾಜು ಆ ಬಾಗಿಲು ದಾಟಿದನೇ, ಅಷ್ಟನ್ನಾದರೂ ತಿಳಿಸಿ.