ಜೈಲು ಬಾಗಿಲಲ್ಲಿ ಬುಟ್ಟಿ ಕಟ್ಟುವ ಶಾದ್ಲಿಯಾ

ಬುಧವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಜೈಲಿನ ಗೋಡೆಗೆ ಎದುರಾಗಿ, ರಸ್ತೆಯಾಚೆಯ ತಗಡಿನ ಸೂರಿನಡಿ, ಶಾದ್ಲಿಯಾ ಬೇರೆಯವರ ಮನೆಯ ಕೋಳಿಯಿಂದ ಮೂಳೆ ಬಿಡಿಸುತ್ತಿದ್ದಾರೆ. ಅದನ್ನು ಬೇಯಿಸಿ ತಂದ ಹುಡುಗಿ ದಕ್ಷಿಣದ ಮರಳುಸೀಮೆಯಿಂದ ರಾತ್ರಿಯಿಡೀ ವ್ಯಾನಿನಲ್ಲಿ ಕೂತು ಬಂದವಳು. ಗಂಡ ಒಳಗಿದ್ದಾನೆ. ಮೂಳೆ ಇದ್ದರೆ ಬುಟ್ಟಿ ವಾಪಸು ಬರುತ್ತದೆಂದು ಅವಳಿಗೆ ಗೊತ್ತಿಲ್ಲ, ಇದು ಮೊದಲ ಸಲ.

"ಏನಮ್ಮಾ, ಮೊಟ್ಟೆನ ಸಿಪ್ಪೆ ಸಮೇತ ತಂದಿದ್ದೀಯ? ಒಳಗೆ ಬಾಂಬಿದೆ ಅಂತಾರೆ. ಸುಲಿ, ಸುಲಿ. ಅಯ್ಯೋ, ಈ ಮುಲೂಖಿಯಾ ಬೇರೆ ಯಾಕೆ ತಂದೆ?"

"ವರ್ಷದ ಮೊದಲ ದಿನ ಅಲ್ವಾ ಚಿಕ್ಕಮ್ಮಾ. ಈ ಸೊಪ್ಪಿನ ಸಾರು ಉಂಡ್ರೆ ವರ್ಷವೆಲ್ಲ ಹಸಿರಾಗಿರುತ್ತೆ ಅಂತ..."

"ಹಸಿರೇನೋ ಸರಿ. ಬೆಂದ ಮೇಲೆ ಕಪ್ಪಗಾಗುತ್ತಲ್ಲ, ತಳ ಕಾಣಲ್ಲ. ತಳ ಕಾಣದ್ದನ್ನ ಒಳಗೆ ಬಿಡಲ್ಲ. ತಳ ಕಾಣದ ಜನ ಒಳಗೇ ಇದ್ದಾರೆ, ಅದು ಬೇರೆ ಮಾತು."

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದು ನಗುತ್ತಾರೆ. ಹುಡುಗಿಗೆ ಮಾತ್ರ ಅಳು ಬರುತ್ತದೆ. ಅರ್ಧ ದಿನ ಒಲೆಯ ಮುಂದೆ ಕೂತು ಕುದಿಸಿದ ಸಾರು. ಶಾದ್ಲಿಯಾ ಅದನ್ನು ಚೆಲ್ಲುವುದಿಲ್ಲ, ತಮ್ಮ ಪಾತ್ರೆಗೆ ಬಗ್ಗಿಸಿಕೊಂಡು, ಬದಲಿಗೆ ತಾವೇ ಬೇಯಿಸಿದ ತಾಜೀನನ್ನು, ಮೊಟ್ಟೆಯ ದಪ್ಪ ದೋಸೆಯಂಥದ್ದನ್ನು, ಚೌಕಾಕಾರಕ್ಕೆ ಕತ್ತರಿಸಿ ಡಬ್ಬಿಗೆ ತುಂಬುತ್ತಾರೆ. ರೊಟ್ಟಿಯನ್ನು ಹರಿಯುತ್ತಾರೆ. ಹಣ್ಣು ಹೋಳಾಗಬೇಕು, ಡಬ್ಬಿಯ ಆಚೆ ಬದಿಯ ಬೆರಳು ಈಚೆಗೆ ಕಾಣಬೇಕು. ಈ ನಿಯಮಗಳನ್ನು ಯಾರೂ ಎಲ್ಲೂ ಬರೆದು ಹಾಕಿಲ್ಲ. ಬಾಗಿಲಲ್ಲಿ ಯಾರು ನಿಂತಿದ್ದಾರೋ ಅವರ ಮೂಗಿನ ನೇರಕ್ಕೆ ಬದಲಾಗುತ್ತವೆ.

ಬುಧವಾರಕ್ಕೆ ಇಂಥ ಮೂವತ್ತು, ನಲವತ್ತು ಬುಟ್ಟಿ ಅವರ ಕೈ ದಾಟಿ ಹೋಗುತ್ತವೆ. ಇದು ಯಾವ ಊರಿನ ಜೈಲೆಂದು ಬರೆಯಬೇಡಿ ಎಂದಿದ್ದಾರೆ, ಬರೆಯುತ್ತಿಲ್ಲ. ಪುರಸಭೆಯವರು ಈ ತಗಡಿನ ಸೂರನ್ನು ಕಿತ್ತೆಸೆದದ್ದು ಒಂದೆರಡು ಸಲವಲ್ಲ. "ಅವ್ರು ಕೀಳ್ತಾರೆ, ನಾನು ಹಾಕ್ತೀನಿ. ಅವರಿಗೆ ಸಂಬಳ ಬರುತ್ತೆ, ನನಗೆ ಬರಲ್ಲ, ಅಷ್ಟೇ ವ್ಯತ್ಯಾಸ," ಎನ್ನುತ್ತಾರೆ.

ಅರವತ್ತು ದಾಟಿದ ಈ ಹೆಂಗಸು ಹುಟ್ಟಿದ್ದು ಗಣಿಯೂರಿನಲ್ಲಿ. ಗಂಡ ಹಮಾದಿ ಫಾಸ್ಫೇಟ್ ಗಣಿಯ ಕಾರ್ಮಿಕ, ಸಂಘ ಕಟ್ಟಿದವರು. ಹಳೆಯ ಸರ್ಕಾರ ಅವರನ್ನು ಇದೇ ಗೋಡೆಯ ಹಿಂದೆ ತಳ್ಳಿತು. ಪ್ರತಿ ವಾರ ಅಷ್ಟು ದೂರದಿಂದ ಬರಲಾಗದೆ ಶಾದ್ಲಿಯಾ ಬಳೆ ಮಾರಿ ಜೈಲಿನ ಪಕ್ಕದಲ್ಲೇ ಒಂದು ಕೋಣೆ ಹಿಡಿದರು. ಗಂಡ ಹೊರಬಂದಾಗ ಎದೆಯ ತುಂಬ ಕೆಮ್ಮು. ಎರಡು ಚಳಿಗಾಲ ಬದುಕಿದ್ದರು. ಆಮೇಲೆ ಸರ್ಕಾರ ಬದಲಾಯಿತು, ಗೋಡೆಗೆ ಹೊಸ ಬಣ್ಣ ಬಂತು, ಬುಟ್ಟಿಗಳ ಸಾಲು ಕರಗಿತು. ಕೆಲವು ವರ್ಷಗಳಲ್ಲಿ ಬಣ್ಣ ಮಾಸಿತು, ಸಾಲು ಮತ್ತೆ ಬೆಳೆಯಿತು. ಊರಿಗೆ ಹಿಂದಿರುಗಬೇಕೆಂದಿದ್ದ ಶಾದ್ಲಿಯಾ ಇಲ್ಲೇ ಉಳಿದರು.

ಈ ಸಾಲಿನಲ್ಲಿ ಒಂದು ಮಾತಿದೆ: ಬುಟ್ಟಿ ಒಳಗೆ ಹೋಯಿತೆಂದರೆ ಆಳು ಇದ್ದಾನೆ. ಭೇಟಿ ನಿಲ್ಲಿಸಿದರೂ, ವಕೀಲರನ್ನು ಬಿಡದಿದ್ದರೂ, ಬುಟ್ಟಿ ತೆಗೆದುಕೊಂಡರೆ ಹೆಂಗಸರು ಉಸಿರು ಬಿಡುತ್ತಾರೆ. ಊಟದ ಜೊತೆ ಮನೆಯಲ್ಲಿ ಒಗೆದ ಬಟ್ಟೆಯೂ ಒಳಗೆ ಹೋಗುತ್ತದೆ. ಮಧ್ಯಾಹ್ನ ಬುಟ್ಟಿ ಹಿಂದಿರುಗುವಾಗ ಖಾಲಿ ಡಬ್ಬಿಗಳ ಜೊತೆ ಕೈದಿಯ ಕೊಳೆ ಬಟ್ಟೆಯ ಗಂಟೂ ಬರುತ್ತದೆ. ಒಗೆಯುವ ಮೊದಲು ಅದನ್ನು ಮೂಸುವುದು ಇಲ್ಲಿನ ರೂಢಿ. ರಸ್ತೆಯಲ್ಲೇ ನಿಂತು, ಮುಖ ಹುದುಗಿಸಿ ಮೂಸುತ್ತಾರೆ. ಬೆವರು, ಸಿಗರೇಟು, ಬೂಷ್ಟು, ನೆಲ ಒರೆಸುವ ಔಷಧಿ ಎಲ್ಲ ಸೇರಿದ ಆ ನಾತ ಇವರ ಪಾಲಿಗೆ ಕ್ಷೇಮ ಸಮಾಚಾರ.

ಕಳೆದ ವರ್ಷ ಕರ್ಕೆನಾ ದ್ವೀಪದಿಂದ ಬಯ್ಯಾ ಎಂಬ ತಾಯಿ ಬರತೊಡಗಿದರು. ಮಗ ಲಸಾದ್ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಸಮುದ್ರದ ತಳವನ್ನೇ ಕೆರೆದೊಯ್ಯುವ ದೊಡ್ಡ ಬಲೆಯವರಿಂದ ಅಧಿಕಾರಿಗಳು ಲಂಚ ತಿನ್ನುತ್ತಾರೆಂದು ಬಂದರಿನಲ್ಲಿ ನಿಂತು ಕೂಗಿದ್ದೇ ಅವನ ಅಪರಾಧ. ಒಳಗೂ ಬಾಯಿ ಮುಚ್ಚಲಿಲ್ಲವಂತೆ. ಶಿಕ್ಷೆಯೆಂದು ಒಂದು ತಿಂಗಳು ಭೇಟಿ ರದ್ದು ಮಾಡಿದರು. ಬುಟ್ಟಿ ಮಾತ್ರ ಹೋಗುತ್ತಿತ್ತು.

ಭೇಟಿ ನಿಂತ ಮೊದಲ ವಾರ ಡಬ್ಬಿ ಖಾಲಿಯಾಗಿ ಬಂತು, ಬಟ್ಟೆ ಶುಭ್ರವಾಗಿ ಬಂತು. ಬಯ್ಯಾ ಹಿಗ್ಗಿ ಹೀರೇಕಾಯಿಯಾದರು. "ನೋಡೇ ಶಾದ್ಲಿಯಾ! ಮನೇಲಿ ಕುಡಿದ ಲೋಟ ಎತ್ತಿಡದೋನು ಇಲ್ಲಿ ಬಟ್ಟೆ ಒಗೆಯೋದು ಕಲ್ತಿದ್ದಾನೆ. ಇನ್ನು ಮದುವೆ ಮಾಡಬಹುದು!"

"ನಾನೂ ನಕ್ಕೆ," ಎನ್ನುತ್ತಾರೆ ಶಾದ್ಲಿಯಾ. "ನಿನ್ನ ಸೊಸೆ ಪುಣ್ಯವಂತೆ ಅಂದೆ. ಎರಡನೇ ವಾರವೂ ಹಾಗೇ ಬಂತು. ಆಗ್ಲೂ ನಕ್ವಿ. ಮಗ ಅಚ್ಚುಕಟ್ಟಾದ ಅಂದ್ರೆ ಯಾವ ತಾಯಿ ಅನುಮಾನ ಪಡ್ತಾಳೆ ಹೇಳಿ?"

ಮೂರನೆಯ ವಾರ ಬಯ್ಯಾ ಚಹಾ ಕುಡಿಯುತ್ತಿದ್ದಾಗ ಶಾದ್ಲಿಯಾ ಅಂಗಿಯನ್ನು ಎತ್ತಿ ಮೂಸಿದರು. ಮತ್ತೆ ಮೂಸಿದರು. ಹಸಿರು ಸಾಬೂನಿನ, ಮರದ ಪೆಟ್ಟಿಗೆಯ ವಾಸನೆ.

"ಬಯ್ಯಾ, ಇದರಲ್ಲಿ ಜೈಲೇ ಇಲ್ಲ ಕಣೇ."

"ಅಂದ್ರೆ?"

"ಬರೀ ನಿನ್ನ ಮನೆ ಇದೆ. ಇದನ್ನ ಯಾರೂ ಹಾಕ್ಕೊಂಡಿಲ್ಲ."

ಬಯ್ಯಾ ಕೂತಲ್ಲೇ ಕೂತಿದ್ದರು. ಶಾದ್ಲಿಯಾ ಮಾತ್ರ ಕೂರಲಿಲ್ಲ. ಅಂಗಿಯನ್ನು ಹಾಗೇ ಚೀಲಕ್ಕೆ ಹಾಕಿ, ಒಲೆ ಆರಿಸಿ, ಬಯ್ಯಾರ ಕೈ ಹಿಡಿದುಕೊಂಡೇ ವಕೀಲೆ ಉಲ್ಫಾರ ಮನೆಗೆ ನಡೆದರು. ಮಾನವ ಹಕ್ಕುಗಳ ಸಂಘಟನೆಯ ಕೆಲಸ ಮಾಡುವ ಉಲ್ಫಾ ಅಂದೇ ರಾಜಧಾನಿಗೆ ಸುದ್ದಿ ಮುಟ್ಟಿಸಿದರು, ಅಲ್ಲಿಂದ ಅದು ಹೊರದೇಶಗಳಿಗೆ ಹೋಯಿತು. ಈ ತಾಯಿಯ ಮುಖ ಕಾಣದವರು, ಈ ಜೈಲಿನ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದವರು ಮಂತ್ರಿಗೆ ಬರೆಯತೊಡಗಿದರು.

"ನಾರ್ವೆ ಅಂತ ಒಂದು ದೇಶ ಇದೆಯಂತೆ," ಎನ್ನುತ್ತಾರೆ ಶಾದ್ಲಿಯಾ. "ಅಲ್ಲಿಂದ ಯಾರೋ ಟೀಚರಮ್ಮ ಬರೆದ್ಲಂತೆ, ಬಯ್ಯಾಳ ಮಗ ಎಲ್ಲಿ ಅಂತ. ನಮ್ಮ ಬೀದಿಯೋರು ಕೇಳಲಿಲ್ಲ ನೋಡಿ. ಹೆದರಿಕೆ, ಪಾಪ. ನನಗೇನು ಹೆದರಿಕೆ ಇಲ್ವಾ?"

ಐದನೆಯ ದಿನ ಜೈಲಿನವರು ಬಾಯಿ ಬಿಟ್ಟರು. ಲಸಾದ್ ಸತ್ತಿದ್ದಾನೆ, ಎದೆನೋವು. ಹೆಣವನ್ನು ತಾವೇ ಮಣ್ಣು ಮಾಡುವ ಆತುರದಲ್ಲಿದ್ದರು, ಇಷ್ಟು ಗದ್ದಲವಾದ್ದರಿಂದ ಹೊರಗಿನ ವೈದ್ಯರೊಬ್ಬರನ್ನು ಬಿಡಬೇಕಾಯಿತು. ಮಣಿಕಟ್ಟಿನಲ್ಲಿ, ಅಂಗಾಲಿನಲ್ಲಿ ಗಾಯದ ಗುರುತುಗಳಿವೆ ಎಂದು ಆ ವೈದ್ಯರು ಹೇಳಿದರು. ಸತ್ತು ಎರಡು ವಾರದ ಮೇಲಾಗಿರಬಹುದು ಎಂದರು, ಆದರೆ ಶವ ಶೀತಲ ಪೆಟ್ಟಿಗೆಯಲ್ಲಿ ಇದ್ದುದರಿಂದ ದಿನ ಇಂಥದ್ದೇ ಎನ್ನಲಾರೆ ಎಂದೂ ಸೇರಿಸಿದರು.

ಈಗ ಮೊಕದ್ದಮೆ ನೇತಾಡುತ್ತಿರುವುದು ಆ ಒಂದು ದಿನದ ಮೇಲೆಯೇ. ಭೇಟಿ ರದ್ದಾದ ವಾರವೇ ಹೊಡೆತದಿಂದ ಸತ್ತ ಎಂದು ತಾಯಿ ಹೇಳುತ್ತಾರೆ. ಇಲ್ಲ, ಮೂರನೆಯ ಬುಧವಾರವೂ ಬದುಕಿದ್ದ, ಹಳೆಯ ಗಾಯಕ್ಕೂ ಸಾವಿಗೂ ಸಂಬಂಧವಿಲ್ಲ ಎನ್ನುತ್ತಾರೆ ಜೈಲಿನವರು. ಅವರ ಸಾಕ್ಷ್ಯವೇನು? ಬುಟ್ಟಿ. ಮೂರು ವಾರ ಊಟ ಒಳಗೆ ಹೋಗಿದೆ, ಡಬ್ಬಿ ಖಾಲಿಯಾಗಿದೆ, ಬದುಕಿಲ್ಲದವನು ಉಣ್ಣುತ್ತಾನೆಯೇ? ತಾಯಿ ಬೇಯಿಸಿದ ಅನ್ನವೇ ತಾಯಿಗೆ ಎದುರು ಸಾಕ್ಷಿಯಾಗಿ ನಿಂತಿದೆ. ಉಲ್ಫಾ ಅಂಗಿಯನ್ನು ಕೋರ್ಟಿಗೆ ಕೊಟ್ಟರು. ವಾಸನೆ ಸಾಕ್ಷ್ಯವಾಗದು ಎಂದರು ನ್ಯಾಯಾಧೀಶರು.

ಅಂದಿನಿಂದ ಶಾದ್ಲಿಯಾ ಯಾರಿಗೂ 'ಬುಟ್ಟಿ ಹೋಯ್ತು, ನಿಶ್ಚಿಂತೆಯಾಗಿ ಮನೆಗೆ ಹೋಗು' ಎನ್ನುವುದಿಲ್ಲ. ಗಂಟನ್ನು ತಮ್ಮೆದುರೇ ಬಿಚ್ಚಿಸುತ್ತಾರೆ. ಇವತ್ತು ಮಧ್ಯಾಹ್ನ ದಕ್ಷಿಣದ ಹುಡುಗಿಯ ಬುಟ್ಟಿ ಹಿಂದಿರುಗಿದಾಗಲೂ ಹಾಗೆಯೇ. ಹುಡುಗಿ ಗಂಡನ ಬನಿಯನ್ ಮೂಸಿ ಮುಖ ಸಿಂಡರಿಸುತ್ತಾಳೆ. "ಥೂ, ಗಬ್ಬು!" ಶಾದ್ಲಿಯಾ ಅವಳ ಬೆನ್ನು ತಟ್ಟುತ್ತಾರೆ. "ಹೋಗು ಮಗಳೇ, ಚೆನ್ನಾಗಿದ್ದಾನೆ."

ಪಾಳಿ ಮುಗಿಸಿದ ಕಾವಲುಗಾರರು ರಸ್ತೆ ದಾಟಿ ಇದೇ ಸೂರಿನಡಿಗೆ ಬರುತ್ತಾರೆ. ಸುತ್ತಮುತ್ತ ಬೇರೆ ಹೋಟೆಲಿಲ್ಲ. ಶಾದ್ಲಿಯಾ ಅವರಿಗೂ ಬಿಸಿ ಕಡಲೆ ಸಾರಿಗೆ ರೊಟ್ಟಿ ಮುರಿದು ಹಾಕಿ, ಖಾರ ಹಾಕಿ ಕೊಡುತ್ತಾರೆ. ಪ್ರತಿಯೊಬ್ಬರ ಮುಖವನ್ನೂ ನೋಡುತ್ತಾರೆ. ಕೆಲವರು ತಲೆ ತಗ್ಗಿಸಿ ಉಣ್ಣುತ್ತಾರೆ, ಆದರೆ ಉಣ್ಣುವಾಗ ಎಲ್ಲರೂ ತಲೆ ತಗ್ಗಿಸುತ್ತಾರಲ್ಲ.

ಅವರು ಎದ್ದುಹೋದ ಮೇಲೆ, ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಶಾದ್ಲಿಯಾ ಬೋಗುಣಿ ತೊಳೆಯುವುದನ್ನು ನಿಲ್ಲಿಸುವುದಿಲ್ಲ.

"ಆ ಮೂರು ವಾರದ ಊಟ ಗಾಳಿಗೆ ಹೋಗಿಲ್ಲ. ಯಾರೋ ಉಂಡಿದ್ದಾನೆ. ಅವನ ಹೊಟ್ಟೇಲಿ ಬಯ್ಯಾಳ ಉಪ್ಪಿದೆ. ಉಪ್ಪಿನ ಋಣ ಅಂತ ಒಂದಿದೆಯಲ್ಲ, ಜೈಲಿನವರಿಗೂ ಇದೆ. ಅವನಿಗೆ ಶಿಕ್ಷೆ ಆಗ್ಲಿ ಅಂತ ನಾನು ಕೇಳಲ್ಲ. ಕೋರ್ಟಿಗೆ ಬಂದು, 'ಅದನ್ನ ತಿಂದದ್ದು ನಾನು, ಆ ಹುಡುಗ ಅಲ್ಲ' ಅಂತ ಒಂದೇ ಒಂದು ಮಾತು ಹೇಳ್ಲಿ. ಹೇಳಿ ಸೀದಾ ಇಲ್ಲಿಗೆ ಬರ್ಲಿ. ಅವನ ಕೆಲಸ ಹೋಗಿರುತ್ತೆ, ಹಸಿದಿರ್ತಾನೆ. ನಾನು ಬಡಿಸ್ತೀನಿ."