ಎರಡು ಹೊಲಿಗೆಯ ಆಪರೇಷನ್

ಬೆನ್ನಿನ ಆಪರೇಷನ್ ಆದಮೇಲೆ ಸೋಫಾ ರಿಪೇರಿಯವನಿಗೆ ಕಾಲಿಗಿಳಿಯುತ್ತಿದ್ದ ನೋವು ಹೋಗಿ, ಅನುಮಾನ ಹತ್ತಿಕೊಂಡಿತು. ಅಂಗಿ ಎತ್ತಿ ಕನ್ನಡಿಯಲ್ಲಿ ನೋಡಿದರೆ ಸೊಂಟದ ಮೇಲೆ ಉಗುರಿನಷ್ಟು ಗಾಯ, ಎರಡೇ ಹೊಲಿಗೆ.

“ಇಷ್ಟು ತೂತಲ್ಲಿ ಕೊಳವೆ ತೂರಿಸಿ ಡಿಸ್ಕಿನ ಚೂರು ತೆಗೆದ್ರಂತೆ. ಸೀಟು ಪೂರ್ತಿ ಬಿಚ್ಚದೆ ಸ್ಪ್ರಿಂಗ್ ಮುಟ್ಟೋಕಾಗಲ್ಲ, ನಂಗೊತ್ತಿಲ್ವಾ? ಡಾಕ್ಟರು ನನ್ನ ಕಿವಿ ಮೇಲೆ ಹೂ ಇಟ್ಟಿದಾರೆ” ಎಂದು ಹೆಂಡತಿಯ ಮುಂದೆ ಗೊಣಗಿದ.

“ನೋವು ಹೋಯ್ತಲ್ಲ, ಮತ್ತೇನು?”

“ಮೇಲೆ ಮೇಲೆ ಕೊಯ್ದು ಹೊಲಿದಿರ್ತಾರೆ. ಒಳಗೆ ಕೈಯೇ ಹಾಕಿರಲ್ಲ.”

“ಸೀಟು ಬಿಚ್ಚೋಕೆ ಬೇಜಾರಾದಾಗ ನೀವು ಬಟ್ಟೆಗೆ ಎರಡು ಹೊಲಿಗೆ ಹಾಕಿ, ಸ್ಪ್ರಿಂಗ್ ಬದಲಾಯಿಸಿದೀನಿ ಅಂತ ಗಿರಾಕಿಗೆ ಹೇಳಿ ಕಳಿಸ್ತೀರಲ್ಲ, ಹಾಗಾ?” ಎಂದಳು ಹೆಂಡತಿ.

ಅವನು ಅಂಗಿ ಕೆಳಗೆಳೆದುಕೊಂಡ.