ಯೆಸ್ ಸರ್ ಅಣ್ಣನ ಕಾಲೇಜು

ನಾನು ಚಿಕ್ಕವನಿದ್ದಾಗ ಬರೀ ಒಂದು ಜೊತೆ ಶೂ ಲೇಸಿನಿಂದ ಒಬ್ಬ ಅಮೆರಿಕದ ಹುಡುಗನನ್ನು ಕಾಲೇಜಿಗೆ ಕಳಿಸಿದ್ದೆ. ನಗಬೇಡಿ ಮಕ್ಕಳೇ. ತಾಕತ್ತಿದ್ದರೆ ಕೊನೆಯವರೆಗೆ ಕೇಳಿ, ಆಮೇಲೆ ನಂಬದೆ ಇರಿ ನೋಡೋಣ.

ಆಗ ನಾವು ದೋಹಾದ ಅಲ್ ಮುಂತಜಾದಲ್ಲಿದ್ದೆವು. ಕೆಳಗೆ ಅಪ್ಪನ ಟೈಲರ್ ಅಂಗಡಿ, ಮೇಲೆ ನಮ್ಮ ಮನೆ, ಅದರ ಮೇಲೆ ಒಂದು ಆಫ್ರಿಕನ್-ಅಮೆರಿಕನ್ ಕುಟುಂಬ. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಅವರ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವನ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ತನಗೂ ಅದು ಆಗದ ಮಾತು ಅಂದುಕೊಂಡಿದ್ದ. ಮಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ಅಕ್ಕ ಅವನ ಬೆನ್ನು ಬಿದ್ದಳು. ನಮ್ಮ ಮನೆಯಲ್ಲೂ ಕಾಲೇಜು ಕಂಡವಳು ಅವಳೇ ಮೊದಲು. ದಿನಾ ಸಂಜೆ ಕೂರಿಸಿಕೊಂಡು ಅಮೆರಿಕದ ಒಂದು ಕಾಲೇಜಿಗೆ ಅರ್ಜಿ ಬರೆಸಿದಳು. ಹೆದರಿಕೆ ಇದ್ದರೆ ಅದನ್ನೇ ಬಾಯಿಬಿಟ್ಟು ಕೇಳು ಎಂದು ಕಲಿಸಿದಳು.

ಅವನೊಡನೆ ಮಾತಾಡಿ ನೋಡಲು ಕಾಲೇಜಿನವರು ದೋಹಾದಲ್ಲೇ ಇದ್ದ ತಮ್ಮ ಹಳೇ ವಿದ್ಯಾರ್ಥಿಯೊಬ್ಬರಿಗೆ ಹೇಳಿದರು. ಅಣ್ಣನ ಮನೆಯ ಎಸಿ ಕೆಟ್ಟಿತ್ತು, ಹಾಗಾಗಿ ಇಂಟರ್‌ವ್ಯೂ ನಮ್ಮ ಹಾಲ್‌ನಲ್ಲಿ. ಆ ಮಾತು ಕೇಳಿದ್ದೇ ಅಪ್ಪನಿಗೆ ಹುರುಪು ಬಂತು. ಗಲ್ಫ್ ಕೆಲಸಕ್ಕೆ ಬೊಂಬಾಯಿಯ ಹೋಟೆಲಿನಲ್ಲಿ ಇಂಟರ್‌ವ್ಯೂ ಕೊಟ್ಟು ಪಾಸಾದವರಲ್ಲವೇ? ತಮಗೆ ಬಂದ ಇಂಗ್ಲಿಷಿಗೆ ಕೈಸನ್ನೆ ಸೇರಿಸಿ ಪಾಠ ಶುರು ಮಾಡಿದರು.

"ಏನು ಕೇಳಿದ್ರೂ ಯೆಸ್ ಸರ್ ಹೇಳು ಮಾರಾಯ. ತಿರುಗಿ ಪ್ರಶ್ನೆ ಕೇಳಿದ್ಯೋ, ಖಲಾಸ್."

"ಅಪ್ಪಾ, ಇದು ವೀಸಾದ ಇಂಟರ್‌ವ್ಯೂ ಅಲ್ಲ," ಎಂದಳು ಅಕ್ಕ.

"ನೀನು ಸುಮ್ನಿರು. ನೀನು ಇಂಟರ್‌ವ್ಯೂ ಕೊಟ್ಟದ್ದುಂಟಾ?"

ಇಂಟರ್‌ವ್ಯೂ ಇದ್ದ ಶುಕ್ರವಾರ ಮನೆ ತುಂಬ ಅಮ್ಮ ಕರಿಯುತ್ತಿದ್ದ ಗೋಳಿಬಜೆಯ ಘಮ. ಅಪ್ಪನ ಅಪ್ಪಣೆಯಂತೆ ಅಣ್ಣ ಶೂ ಬಿಚ್ಚದೆ ಕುಳಿತಿದ್ದ. ಮೇಜಿನ ಕೆಳಗೆ ನಾನು. ಮೂಗಿನೆದುರೇ ಹೊಳೆಯುವ ಎರಡು ಶೂ ಇದ್ದರೆ ನನ್ನಂಥ ಕಲಾವಿದ ಸುಮ್ಮನಿರುತ್ತಾನೆಯೇ? ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿದೆ.

ಮೇಜಿನ ಮೇಲೆ ಎಲ್ಲ ಪ್ರಶ್ನೆಗೂ ಒಂದೇ ಉತ್ತರ. ಗಣಿತ ಇಷ್ಟವೇ? ಯೆಸ್ ಸರ್. ಗಣಿತ ಅಂದರೆ ಬೇಜಾರೇ? ಯೆಸ್ ಸರ್. ಏನಾದರೂ ಕೇಳಬೇಕೇ ಎಂದಾಗಲೂ ಬರೀ ಯೆಸ್ ಸರ್. ಇಂಟರ್‌ವ್ಯೂ ಮಾಡಲು ಬಂದವರು ಪೆನ್ನು ಜೇಬಿಗೆ ಸೇರಿಸಿದರು. ಬಾಗಿಲ ಬಳಿ ನಿಂತಿದ್ದ ಅಕ್ಕನ ಮುಖ ಸಪ್ಪಗಾಯಿತು.

ಅವರನ್ನು ಕಳಿಸಿಕೊಡಲು ಎದ್ದ ಅಣ್ಣ ಬಜೆಯ ತಟ್ಟೆಯ ಸಮೇತ ದಢಾರನೆ ಬಿದ್ದ. ಹಾಲ್ ತುಂಬ ಬಜೆ ಉರುಳಿದವು. ಮೊದಲು ನಕ್ಕವರು ಬಂದವರೇ, ಆಮೇಲೆ ಅಣ್ಣ. ಬಿಗಿದುಕೊಂಡಿದ್ದ ಬಾಯಿ ಆ ನಗುವಿನಲ್ಲಿ ಬಿಚ್ಚಿಕೊಂಡಿತು. ನೆಲದ ಮೇಲೆ ಕೂತೇ ಕೇಳಿಬಿಟ್ಟ:

"ಸರ್, ನಮ್ಮ ಮನೇಲಿ ಯಾರೂ ಕಾಲೇಜಿಗೆ ಹೋಗಿಲ್ಲ. ಅಲ್ಲಿ ನನಗೇನೂ ಅರ್ಥ ಆಗದಿದ್ರೆ ಯಾರನ್ನ ಕೇಳ್ಲಿ?"

ಅವರು ಅವನ ಪಕ್ಕದಲ್ಲೇ ನೆಲಕ್ಕೆ ಕೂತರು. ತಮ್ಮ ಮನೆಯಿಂದ ಹಾಗೆ ಹೆದರುತ್ತ ಕಾಲೇಜಿಗೆ ಹೋದ ಮೊದಲನೆಯವರು ತಾವೇ ಎಂದರು. ಮಧ್ಯಾಹ್ನ ಕಳೆದರೂ ಅವರಿಬ್ಬರ ಮಾತು ಮುಗಿಯಲಿಲ್ಲ.

ಸೀಟು ಸಿಕ್ಕಿತು. ಯೆಸ್ ಸರ್ ಅಂದದ್ದಕ್ಕೇ ಸಿಕ್ಕಿದ್ದು ಎಂದು ಅಪ್ಪ ಬೀದಿಗೆಲ್ಲ ಸಾರಿದರು. ಅಣ್ಣ ಹೊರಟಾಗ ಅಕ್ಕ ಅತ್ತಳು, ಅಪ್ಪನೂ ಕಣ್ಣೊರೆಸಿಕೊಂಡರು. ನಾನೊಬ್ಬ ಮಾತ್ರ ಕಲ್ಲಿನಂತೆ ನಿಂತಿದ್ದೆ.

ಈಗ ಅವನು ಅಮೆರಿಕದ ತನ್ನೂರಿನಲ್ಲಿ ತನ್ನಂಥ ಹೈಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಕಾಲೇಜಿನ ಆಸೆ ಹುಟ್ಟಿಸುತ್ತಾನೆ. ನಿಮಗೋ, ಇದೇ ದೋಹಾದ ಅಲ್ ಥುಮಾಮಾದ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಕಾಲೇಜೇ ಕೋಣೆಗೆ ಬರುತ್ತದೆ. ಇಂಟರ್‌ವ್ಯೂಗೆ ಮೇಲೆ ಶರ್ಟು, ಕೆಳಗೆ ಚಡ್ಡಿ. ನನ್ನಂಥವನಿಗೆ ಮೇಜಿನ ಕೆಳಗೆ ಕೆಲಸವೇ ಉಳಿದಿಲ್ಲ.

ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಸುಳ್ಳಿದೆ. ನಾನು ಕಲ್ಲಿನಂತೆ ನಿಂತಿರಲಿಲ್ಲ. ಅಂಗಡಿಯ ಬಟ್ಟೆರಾಶಿಯಲ್ಲಿ ಮುಖ ಹುದುಗಿಸಿಕೊಂಡು ಬಿಕ್ಕುತ್ತಿದ್ದೆ. ಅಳುವುದರಲ್ಲೂ ಎಲ್ಲರಿಗಿಂತ ನಾನೇ ಮುಂದು.